ಕೊಡಿಗೇಹಳ್ಳಿ ಗೇಟಿನ ಒಂದು ಗಂಟೆ

ನೆರಳುಗಂಬದ ಬಂಗಲೆ, ಯಲಹಂಕ
೧೯ ನವೆಂಬರ್ ೧೯೬೧

ನನ್ನ ಬೆಲ್ಲದಂಥ ಅಕ್ಕ,

ನಿಮ್ಮ ಸಿಂಗಾಪುರ ಹಳ್ಳಿಗೂ ನಮ್ಮ ಬಂಗಲೆಗೂ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ನಿನ್ನ ಮುಖ ನೋಡಿ ಒಂದು ಯುಗವಾಯಿತು! ಹೊಸ ಸೊಸೆ ಕಾರಣವಿಲ್ಲದೆ ಕಾಂಪೌಂಡು ದಾಟಬಾರದಂತೆ. ಅದಕ್ಕೇ ಈ ಕಾಗದ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದೆಲ್ಲ ಇಂಗ್ಲಿಷ್ ಪತ್ರ. ಕನ್ನಡದಲ್ಲಿ ತಪ್ಪಿದ್ದರೆ ನೀನೊಬ್ಬಳೇ ನಗು, ಭಾವನಿಗೆ ತೋರಿಸಬೇಡ.

ಅಕ್ಕ, ನನಗೆ ಎಷ್ಟು ಖುಷಿಯಾಗಿದೆ ಗೊತ್ತಾ? ಬೆಳಿಗ್ಗೆ ಎದ್ದು ಜಗಲಿಗೆ ಬಂದರೆ ಮಂಜಿನೊಳಗೆ ತೋಟ, ತೋಟದ ನಡುವೆ ಆ ಕಲ್ಲಿನ ನೆರಳುಗಂಬ. ನೂರು ವರ್ಷದ ಹಿಂದೆ ಇದನ್ನು ಕಟ್ಟಿಸಿದವನು ಪಲ್ಟನ್ನಿನ ಕುದುರೆ ಡಾಕ್ಟರಂತೆ. ಕಂಬದ ನೆರಳು ನೋಡಿ ಹೊತ್ತು ತಿಳಿದು ಕುದುರೆಗಳಿಗೆ ಹುರುಳಿ ಹಾಕಿಸುತ್ತಿದ್ದನಂತೆ. ಈಗ ಆ ಕುದುರೆ ಲಾಯದಲ್ಲಿ ಏನು ನಡೆಯುತ್ತಿದೆ ಹೇಳು ನೋಡೋಣ? ಜ್ಯೋತಿಷ್ಯದ ಶಿಬಿರ! ಫೆಬ್ರವರಿಯಲ್ಲಿ ಎಂಟು ಗ್ರಹ ಒಂದೇ ಮನೆಗೆ ಬರುತ್ತವೆ, ಪ್ರಳಯವೇ ಆಗಬಹುದು ಎಂದು ಜನ ಹೆದರಿದ್ದಾರಲ್ಲ, ಹಾಗೆ ಹೆದರಿದ ಹದಿನಾಲ್ಕು ಜನ ಇಲ್ಲೇ ಉಂಡು, ಇಲ್ಲೇ ಮಲಗಿ ಕಲಿಯುತ್ತಿದ್ದಾರೆ. ಒಬ್ಬರು ರಿಟೈರ್ಡ್ ರೈಲ್ವೆ ಗಾರ್ಡ್, ಒಬ್ಬರು ಸುಬೇದಾರರು, ಒಬ್ಬರು ಬೆಲ್ಲದ ಮಂಡಿಯವರು. ಹೇಳಿಕೊಡುವವರು ಸರ್ವೆ ಇಲಾಖೆಯಲ್ಲಿದ್ದ ಜೋಯಿಸರು. ಕೂಡುವ ಲೆಕ್ಕ ತಪ್ಪಿದರೆ ಸುಬೇದಾರರ ಕಿವಿಯನ್ನೂ ಹಿಂಡುತ್ತಾರೆ! ಜಾಗ ಕೊಟ್ಟಿದ್ದು ನಮ್ಮ ಮಾವನವರು. 'ಲೋಕ ಮುಳುಗೋದಾದ್ರೆ ನಮ್ಮನೇಲೇ ಮುಳುಗ್ಲಿ ಬಿಡಮ್ಮ, ಊಟನಾದ್ರೂ ಚೆನ್ನಾಗಿರ್ತದೆ' ಎಂದು ನಗುತ್ತಾರೆ. ನನಗೆ ಮಾವನವರೆಂದರೆ ಪ್ರಾಣ.

ಅತ್ತೆಯವರೂ ಒಳ್ಳೆಯವರೇ. ಆದರೆ ನಕ್ಷತ್ರದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂದು ನನಗಿಂತ ಮೊದಲು ನೋಡಿದ ಇಬ್ಬರು ಹುಡುಗಿಯರನ್ನು ಬೇಡವೆಂದಿದ್ದರಂತೆ. ನನ್ನದು ಜ್ಯೇಷ್ಠಾ. ಅದು ಗಂಡನ ಅಣ್ಣನಿಗೆ ಆಗದಂತೆ. ಇವರಿಗೆ ಅಣ್ಣನೇ ಇಲ್ಲ! ನನ್ನ ಅದೃಷ್ಟ ನೋಡು.

ಇನ್ನೊಂದು ತಮಾಷೆ. ಇವರೂ ಕ್ಲಾಸಿಗೆ ಸೇರಿದ್ದಾರೆ! ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ದಿನವೆಲ್ಲ ಗುಮಾಸ್ತಗಿರಿ ಮಾಡಿ, ಬಂದವರೇ ಸ್ಲೇಟು ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮೊದಲು ಜಾತಕವೆಂದರೆ ನಗುತ್ತಿದ್ದವರು. ಈ ದೀಪಾವಳಿಗೆ ಅಪ್ಪನ ಮನೆಗೆ ಹೋಗಿಬಂದೆವಲ್ಲ, ಅಲ್ಲಿಂದ ಬಂದಮೇಲೆ ಶುರುವಾದ ಹುಚ್ಚು. ನಿನ್ನೆ ಅವರ ನೋಟ್‌ಬುಕ್ಕಿಗೆ ಕೈ ಹಾಕಿದೆ. ಪಟ್ಟನೆ ಮುಚ್ಚಿ, 'ನಿಂಗ್ಯಾಕೆ ಇದೆಲ್ಲ, ಹೋಗಿ ಕಾಫಿ ತಾ' ಎಂದರು. ನಗುತ್ತಲೇ ಅಂದರು. ಆದರೆ ಮುಚ್ಚಿದರು.

ನಿನ್ನ ತಲೆತಿರುಕ ತಂಗಿ,
ಮುನಿರತ್ನ

*

ಯಲಹಂಕ
೩ ಡಿಸೆಂಬರ್ ೧೯೬೧

ಪ್ರೀತಿಯ ಅಪ್ಪ,

ದ್ರಾಕ್ಷಿ ಚಪ್ಪರ ಹೇಗಿದೆ? ನಿನ್ನ ಮೊಣಕಾಲು ಹೇಗಿದೆ? ನಾನು ಚೆನ್ನಾಗಿದ್ದೇನೆ. ಒಂದೇ ಒಂದು ಪ್ರಶ್ನೆ ಕೇಳಬೇಕು, ಅದಕ್ಕೇ ಅರ್ಜೆಂಟಾಗಿ ಬರೆಯುತ್ತಿದ್ದೇನೆ.

ಅಪ್ಪ, ನಾನು ಹುಟ್ಟಿದ್ದು ಎಷ್ಟು ಗಂಟೆಗೆ?

ಇಲ್ಲಿ ಕ್ಲಾಸಿನವರೆಲ್ಲ ತಮ್ಮ ಕಡೆಯವರ ಜಾತಕ ತಂದು, ಹೆಸರು ಬರೆಯದೆ ಡಬ್ಬಿಗೆ ಹಾಕುತ್ತಾರೆ. ಜೋಯಿಸರು ಒಂದೊಂದಾಗಿ ತೆಗೆದು ಕರೀಹಲಗೆಯ ಮೇಲೆ ಬರೆದು ಓದಿಸುತ್ತಾರೆ. ಉಗ್ರಾಣದ ಕಿಟಕಿಯಿಂದ ನನಗೆಲ್ಲ ಕಾಣುತ್ತದೆ, ಕೇಳಿಸುತ್ತದೆ. ನಿನ್ನೆ ಓದಿದರು: 'ಸ್ತ್ರೀ ಜಾತಕ. ೧೯೪೩ನೇ ಇಸವಿ ಜನವರಿ ಐದು, ಮಂಗಳವಾರ, ಬೆಳಿಗ್ಗೆ ಆರು ಇಪ್ಪತ್ತು, ಯಲಹಂಕ ಹೋಬಳಿ.' ಅದು ನನ್ನ ದಿನ ಅಪ್ಪ! ಕ್ಲಾಸು ಮುಗಿದಮೇಲೆ ಹೋಗಿ ಚೀಟಿ ನೋಡಿದೆ. ಇವರ ಅಕ್ಷರ, ಇವರ ನೀಲಿ ಇಂಕು.

ಆದರೆ ಮದುವೆಗೆ ನೀನು ಕೊಟ್ಟ ಜಾತಕದಲ್ಲಿ ಐದು ಇಪ್ಪತ್ತು ಎಂದಿದೆ. ನನ್ನ ಟ್ರಂಕಿನಲ್ಲಿರುವ ಪ್ರತಿಯಲ್ಲಿ ಎರಡು ಸಲ ನೋಡಿದೆ. ಹಾಗಾದರೆ ಇವರಿಗೆ ಆರು ಇಪ್ಪತ್ತು ಎಲ್ಲಿ ಸಿಕ್ಕಿತು? ಜೋಯಿಸರು ಹಲಗೆಯ ಮುಂದೆ ನಿಂತು, 'ಐದು ಐವತ್ತಕ್ಕೆ ಜ್ಯೇಷ್ಠಾ ಮುಗೀತು. ಇವಳು ಮೂಲಾ, ಒಂದನೇ ಪಾದ' ಎಂದರು. ಕ್ಲಾಸಿನವರೆಲ್ಲ 'ಅಯ್ಯೋ' ಎಂದರು. ಇವರು ಮಾತ್ರ ತಲೆ ತಗ್ಗಿಸಿ ಬರೆದುಕೊಂಡರು.

ಗ್ರಹಗಿಹ ನಾನು ನಂಬುವುದಿಲ್ಲ, ನಿನಗೇ ಗೊತ್ತು. ಆದರೆ ಇವರು ನನಗೆ ಹೇಳದೆ ಯಾಕೆ ಹೀಗೆ ಮಾಡಿದರು? ಬೇಗ ಬರೆ.

ನಿನ್ನ ಮಗಳು,
ಮುನಿರತ್ನ

*

ಕೊಡಿಗೇಹಳ್ಳಿ
೧೨ ಡಿಸೆಂಬರ್ ೧೯೬೧

ಚಿರಂಜೀವಿ ಸೌಭಾಗ್ಯವತಿ ಮುನಿರತ್ನಳಿಗೆ ನಿನ್ನ ತಂದೆ ಚಿಕ್ಕಬೈರಪ್ಪನ ಆಶೀರ್ವಾದ.

ಎಂದಿನಂತೆ ಈ ಕಾಗದವನ್ನು ಶಾಲೆಯ ಮೇಷ್ಟ್ರ ಕೈಯಲ್ಲಿ ಬರೆಸಿರುತ್ತೇನೆ. ನಿನ್ನ ಕಾಗದವನ್ನು ಅವರೇ ಓದಿ ಹೇಳಿದರು. ದ್ರಾಕ್ಷಿ ಚಪ್ಪರಕ್ಕೆ ಬೂದಿರೋಗ ಬಂದಿತ್ತು, ಗಂಧಕದ ಪುಡಿ ಹೊಡೆಸಿದೆ. ಮೊಣಕಾಲು ಇದ್ದ ಹಾಗೇ ಇದೆ. ರಾಗಿ ಚೆನ್ನಾಗಿ ಬಂದಿದೆ.

ನೀನು ಕೇಳಿದ ವಿಷಯ ಕಾಗದದಲ್ಲಿ ಬೇಡ.

ಕಳೆದ ಭಾನುವಾರ ಅಳಿಯಂದಿರು ರೈಲ್ವೆ ಗೇಟಿನ ತನಕ ಸೈಕಲ್ಲಿನಲ್ಲಿ ಬಂದಿದ್ದರೆಂದು ಪಕ್ಕದ ಹೊಲದ ಬ್ಯಾಟರಾಯಪ್ಪ ಹೇಳಿದ. ಮನೆಗೆ ಬರಲಿಲ್ಲ. ಈಗಿನ ಗೇಟಿನವನ ಹತ್ತಿರ ಏನೋ ವಿಚಾರಿಸಿ ಹಾಗೇ ಹೊರಟುಹೋದರಂತೆ. ನಿನ್ನ ತಾಯಿಯಿಲ್ಲದ ಮನೆಯಾದರೂ ಅವರಿಗೊಂದು ಲೋಟ ಮಜ್ಜಿಗೆ ಇರುತ್ತಿತ್ತು. ನಮ್ಮಿಂದ ಏನಾದರೂ ತಪ್ಪಾಗಿದ್ದರೆ ತಿಳಿಸುವುದು.

ಮಾವನವರ ಆರೋಗ್ಯ ಹೇಗಿದೆ? ಅದನ್ನು ಮಾತ್ರ ತಪ್ಪದೆ ಬರೆ.

ಇಂತಿ,
ಚಿಕ್ಕಬೈರಪ್ಪ

*

ಸಿಂಗಾಪುರ
೨೨ ಡಿಸೆಂಬರ್ ೧೯೬೧

ರತ್ನ,

ಮೇಷ್ಟ್ರು ಓದುವ ಕಾಗದದಲ್ಲಿ ಅದನ್ನೆಲ್ಲ ಕೇಳುತ್ತಾರೇನೇ ಹುಚ್ಚಿ? ಅಪ್ಪ ಅವತ್ತಿನಿಂದ ಸರಿಯಾಗಿ ಉಂಡಿಲ್ಲ. ನಿನ್ನೆ ನನ್ನ ಹತ್ತಿರ ಬಂದು, 'ನೀನೇ ಬರೆದುಬಿಡು ಅಂಜಿನಿ' ಎಂದು ಹೇಳಿ ಹೋದ. ಬರೆಯುತ್ತಿದ್ದೇನೆ. ಓದಿದಮೇಲೆ ಒಲೆಗೆ ಹಾಕು.

ನೀನು ಹುಟ್ಟಿದಾಗ ನಮ್ಮ ಮನೆಯಲ್ಲಿ ಗಡಿಯಾರ ಎಲ್ಲಿತ್ತು? ಊರಿನಲ್ಲಿ ಕೂಸು ಹುಟ್ಟಿದರೆ ರೈಲ್ವೆ ಗೇಟಿಗೆ ಓಡಿ ಟೈಮು ಕೇಳಿಕೊಂಡು ಬರುವುದು ವಾಡಿಕೆ. ಅವತ್ತು ಓಡಿದವಳು ನಾನು. ನನಗೆ ಒಂಬತ್ತು ವರ್ಷ. ಅಮ್ಮನ ಕೂಗು ಕೇಳಿ ಅಳುತ್ತಾ ಓಡಿದೆ. ಕೆರೆ ಏರಿಯ ಮೇಲೆ ಹೋಗುವಾಗ ನೀರಿನಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಅಷ್ಟು ಅಳುವಿನಲ್ಲೂ ಅವನ್ನು ಎಣಿಸಿದೆ, ಹನ್ನೊಂದು. ಗೇಟಿನ ತಾಜುದ್ದೀನ್ ಸಾಬರು ವಾಚು ನೋಡಿ, ಬೀಡಿ ಕಟ್ಟಿನ ಲೇಬಲ್ಲಿನ ಹಿಂದೆ 'ಆರು ಇಪ್ಪತ್ತು' ಎಂದು ಬರೆದುಕೊಟ್ಟರು. ಅಪ್ಪ ಅದನ್ನು ಆ ವರ್ಷದ ಪಂಚಾಂಗದೊಳಗೆ ಇಟ್ಟ.

ನಿನ್ನ ಸಂಬಂಧ ಬಂದಾಗ ಆ ಟೈಮಿಗೆ ಮೂಲಾ ಎಂದು ಗೊತ್ತಾಯಿತು. ನಿಮ್ಮ ಅತ್ತೆ ಮೂರು ಸಲ ಹೇಳಿಕಳಿಸಿದ್ದರು, 'ಮೂಲಾ ಅಲ್ಲ ತಾನೆ?' ಎಂದು. ಮದುವೆ ಮಾಡಿಸಿದ ಪುರೋಹಿತರು, 'ಒಂದು ಗಂಟೆ ಹಿಂದಕ್ಕೆ ಹಾಕಿ ಬೈರಪ್ಪ, ಜ್ಯೇಷ್ಠಾಕ್ಕೆ ಬರುತ್ತೆ. ಹುಡುಗನಿಗೆ ಅಣ್ಣ ಇಲ್ವಲ್ಲ' ಎಂದರು. ಅಪ್ಪ ಹಾಕಿದ. ಹುಡುಗ ಒಳ್ಳೆಯವನು, ಓದಿದ ಹುಡುಗಿಯನ್ನು ಬೇಕೆಂದು ಕೇಳಿಕೊಂಡು ಬಂದವನು, ಕೈಬಿಡಬಾರದೆಂದು ಹಾಕಿದ. ಅವತ್ತಿನಿಂದ ನಿನ್ನ ಮಾವ ಸೀನಿದರೂ ಅಪ್ಪನಿಗೆ ಇಲ್ಲಿ ಭಯ.

ದೀಪಾವಳಿಗೆ ಬಂದಾಗ ನಿನ್ನ ಗಂಡ ಹಳೇ ಪಂಚಾಂಗಗಳನ್ನು ತಿರುವಿಹಾಕುತ್ತಾ ಕೂತಿದ್ದರಲ್ಲ? ಅವರು ಹೋದಮೇಲೆ ನೋಡಿದರೆ ಚೀಟಿ ಇಲ್ಲ.

ಅವರು ಏನು ಮಾಡುತ್ತಾರೋ ಹುಷಾರಾಗಿ ನೋಡುತ್ತಿರು. ನೀನಾಗಿ ಬಾಯಿ ಬಿಡಬೇಡ.

ಅಂಜಿನಮ್ಮ

*

ಯಲಹಂಕ
೧೫ ಜನವರಿ ೧೯೬೨

ಅಕ್ಕ,

ಮೂರು ವಾರದಿಂದ ಬರೆಯಲಿಲ್ಲವೆಂದು ಬೈಯಬೇಡ. ಬರೆಯುವ ಹಾಗಿರಲಿಲ್ಲ. ಹೊಸ ವರ್ಷದ ದಿನ ಮಾವನವರು ಹಿತ್ತಲಿನಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ನಾನು ಗಂಜಿ ಕುಡಿಸುವಾಗ ಅತ್ತೆಯವರು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಆ ನೋಟ ನಿನಗೆ ಹೇಗೆ ಬರೆಯಲಿ? ಬೈಗುಳವಲ್ಲ, ಕೋಪವೂ ಅಲ್ಲ. ಹಾಲಿನಲ್ಲಿ ಏನೋ ಬಿದ್ದಿದೆಯೆಂದು ಸಂಶಯ ಬಂದಾಗ ನೋಡುತ್ತೇವಲ್ಲ, ಹಾಗೆ.

ನಾನು ಇವರನ್ನು ನೋಡುತ್ತಿದ್ದೆ. ಇವರು ತಮ್ಮ ಅಮ್ಮನನ್ನು ನೋಡುತ್ತಿದ್ದರು. ಆ ಚೀಟಿ ಇವರ ಹತ್ತಿರವೇ ಇದೆ ಎಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ಇವರಿಗೆ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಊಟ ಬಡಿಸುವಾಗ, 'ಇವತ್ತು ಹೇಳುತ್ತಾರೆ, ಇವತ್ತು ನನ್ನನ್ನು ಕೊಡಿಗೇಹಳ್ಳಿಗೆ ಕಳಿಸುತ್ತಾರೆ' ಎಂದುಕೊಳ್ಳುತ್ತಿದ್ದೆ. ನಿನ್ನ ತಂಗಿ ಹಾಡು ಗುನುಗುವುದನ್ನು ಬಿಟ್ಟಿದ್ದಾಳೆ ಅಕ್ಕ. ಮಾವನವರೇ ಕೇಳಿದರು, 'ರೇಡಿಯೋ ಕೆಟ್ಟೋಯ್ತೇನಮ್ಮ?' ಎಂದು.

ನಿನ್ನೆ ಸಂಕ್ರಾಂತಿ. ಎಳ್ಳು ಬೀರಿದಮೇಲೆ ಅತ್ತೆಯವರು ನೇರವಾಗಿ ಜೋಯಿಸರ ಮುಂದೆ ಹೋಗಿ ನಿಂತರು. 'ನಮ್ ಸೊಸೆ ಜಾತಕ ಇನ್ನೊಂದ್ ಸಲ ನೋಡಿ ಸ್ವಾಮಿ. ಆ ಊರಲ್ಲಿ ಕೂಸು ಉಟ್ಟುದ್ರೆ ಗೇಟ್ನಾಗೆ ಟೈಮ್ ಬರ್ಸ್ಕೊತಾರಂತೆ. ಆ ಚೀಟಿ ತರ್ಸಿ. ನಂಗೆ ಅನುಮಾನ ಐತೆ' ಎಂದರು. ಕ್ಲಾಸಿನವರೆಲ್ಲ ಇದ್ದರು. ನಾನು ಎಳ್ಳಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

ಇವರು ಎದ್ದರು. ಜೇಬಿಗೆ ಕೈ ಹಾಕಿ ಆ ಲೇಬಲ್ ತೆಗೆದರು!

'ಚೀಟಿ ಇಲ್ಲೇ ಇದೆ ಅಮ್ಮ. ಆರು ಇಪ್ಪತ್ತು ಅಂತ ಇದೆ' ಎಂದು ಜೋಯಿಸರ ಕಡೆ ತಿರುಗಿ, 'ಸ್ವಾಮಿ, ಶುಕ್ರವಾರ ಹೇಳಿಕೊಟ್ರಲ್ಲ, ಯುದ್ಧದ ಗಂಟೆ ಅಂತ. ಅದನ್ನ ನಮ್ಮಮ್ಮಂಗೂ ಹೇಳಿ' ಎಂದರು.

ಜೋಯಿಸರು ಮೂಗಿನ ಮೇಲೆ ಕನ್ನಡಕ ಏರಿಸಿದರು. 'ನೋಡಿಮ್ಮಾ, ನಲವತ್ತೆರಡರ ಸೆಪ್ಟೆಂಬರ್‌ನಿಂದ ನಲವತ್ತೈದರ ಅಕ್ಟೋಬರ್ ತನಕ ಸರ್ಕಾರದೋರು ಯುದ್ಧಕ್ಕೋಸ್ಕರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡ್ಸಿದ್ರು. ಆಗ ಗಡಿಯಾರ ಆರು ಇಪ್ಪತ್ತು ಅಂದ್ರೆ ನಿಜವಾದ ಹೊತ್ತು ಐದು ಇಪ್ಪತ್ತು. ಆ ಕಾಲದ ಕೂಸುಗಳಿಗೆ ಒಂದು ಗಂಟೆ ಕಳೀದೇ ಜಾತಕ ಬರೆದೋನು ಜೋಯಿಸನಲ್ಲ, ಕಟುಕ. ಹೋದ ತಿಂಗಳು ಹಲಗೆ ಮೇಲೆ ನಾನೇ ಮರೆತು ಕಟುಕನಾಗಿದ್ದೆ, ಶುಕ್ರವಾರ ತಿದ್ದಿಕೊಂಡೆ. ಬೀಗರು ಕೊಟ್ಟ ಜಾತಕದಲ್ಲಿ ಎಷ್ಟಿದೆ?'

'ಐದು ಇಪ್ಪತ್ತು' ಎಂದರು ಅತ್ತೆ.

'ಮತ್ತೆ? ಜ್ಯೇಷ್ಠಾನೇ. ಹೋಗಿ, ಹುಡುಗೀಗೆ ಒಂದು ಅಚ್ಚು ಕೊಡಿ.'

ಅತ್ತೆ ನನ್ನ ಕೈಯಲ್ಲಿದ್ದ ತಟ್ಟೆಯ ಹತ್ತಿರ ಬಂದರು. ಆಮೇಲೆ ಸಕ್ಕರೆ ಅಚ್ಚೊಂದನ್ನು ನನ್ನ ಬಾಯಿಗೆ ತುರುಕಿ, 'ನಿಮ್ಮಪ್ಪ ಯೋಗ್ಯ ಕಣಮ್ಮ. ಲೆಕ್ಕ ಆಕಿ ಸರ್ಯಾಗೇ ಕೊಟ್ಟವ್ನೆ' ಎಂದರು. ಸುಬೇದಾರರು ಚಪ್ಪಾಳೆ ತಟ್ಟಿದರು! ನಾನು ಅಚ್ಚನ್ನು ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟೆ.

ಆಮೇಲೆ ಇವರನ್ನು ತೋಟದಲ್ಲಿ ಹಿಡಿದೆ. ಎಲ್ಲ ಕೇಳಿದೆ. ಚೀಟಿ ಕದ್ದಿದ್ದು, ಗೇಟಿಗೆ ಹೋಗಿದ್ದು, ಕ್ಲಾಸಿಗೆ ಸೇರಿದ್ದು. 'ಬೇರೆಯವರು ಕಂಡುಹಿಡಿಯೋಕ್ ಮುಂಚೆ ನಾನೇ ಲೆಕ್ಕ ಕಲೀಬೇಕಿತ್ತು ರತ್ನ. ಏನಾದ್ರೂ ದಾರಿ ಸಿಗುತ್ತೇನೋ ಅಂತ' ಎಂದರು. ಅಕ್ಕ, ಆ ಕ್ಷಣ ಅವರ ಕಾಲಿಗೆ ಬೀಳಬೇಕೆನಿಸಿತು! ಆದರೆ ನನ್ನ ಬಾಯಿ ಕೇಳಬೇಕಲ್ಲ. 'ಯುದ್ಧದ ಗಂಟೆ ಇರದೇ ಇದ್ದಿದ್ರೆ? ಮೂಲಾನೇ ಆಗಿದ್ರೆ?' ಎಂದೆ.

ಇವರು ಕೈಯಲ್ಲಿದ್ದ ಸ್ಲೇಟು ಒರೆಸಿದರು. ಒರೆಸಿದ ಸ್ಲೇಟನ್ನೇ ಮತ್ತೊಮ್ಮೆ ಒರೆಸಿದರು.

ಅಪ್ಪನಿಗೆ ನೀನೇ ಹೋಗಿ ಹೇಳು. ಇವತ್ತೇ ಹೋಗು.

ನಿನ್ನ
ರತ್ನ

*

ಕೊಡಿಗೇಹಳ್ಳಿ
೨೮ ಜನವರಿ

ಮಗಾ ರತ್ನ,

ಇದು ನನ್ನ ಕೈಬರಹ. ಮೇಷ್ಟ್ರಿಗೆ ಹೇಳಿಲ್ಲ. ಮೂರು ದಿನದಿಂದ ಬರೀತಾ ಇದ್ದೀನಿ.

ಅಂಜಿನಿ ಬಂದು ಎಲ್ಲ ಹೇಳಿದಳು. ಬೀಗಿತ್ತಿ ನನ್ನ ಯೋಗ್ಯ ಅಂದರಂತೆ. ನಾನು ಲೆಕ್ಕ ಹಾಕಿ ಕೊಟ್ಟಿದ್ದಲ್ಲ. ಹೆದರಿ ಕೊಟ್ಟಿದ್ದು. ಹೆದರಿ ಹೇಳಿದ ಸುಳ್ಳು ನಿಜ ಆಗುತ್ತಾ ಮಗಾ? ನನಗೆ ನಂಬಿಕೆ ಬರಲ್ಲ.

ನಿಮ್ಮ ಮಾವ ದೇವರಂಥ ಮನುಷ್ಯ. ಅವರಿಗೆ ಏನಾದರೂ ಆದರೆ ಅದು ನನ್ನ ಕೈಯಿಂದ ಆದ ಹಾಗೆ. ತಾಜುದ್ದೀನನ್ನ ಕೇಳಬೇಕು. ಅವನ ವಾಚಿನ ಟೈಮು ಯುದ್ಧದ ಟೈಮು ಹೌದು ಅಂತ ಅವನ ಬಾಯಿಂದ ಬಂದರೆ ನಾನು ನೆಮ್ಮದಿಯಾಗಿ ಉಣ್ಣುತೀನಿ. ಪಿಂಚಣಿ ಆದಮೇಲೆ ಎಲ್ಲಿ ಹೋದನೋ ಗೊತ್ತಿಲ್ಲ. ಅಳಿಯಂದಿರಿಗೆ ಹೇಳಿ ಹುಡುಕಿಸು.

ನಿಮ್ಮಪ್ಪ

*

ಯಲಹಂಕ
೬ ಫೆಬ್ರವರಿ ೧೯೬೨

ಅಕ್ಕ,

ಲೋಕ ಮುಳುಗಲಿಲ್ಲ! ಎಂಟು ಗ್ರಹವೂ ಬಂದು ಹೋದವು. ಮೂರು ದಿನ ಭಜನೆ ಮಾಡಿದ ಸುಬೇದಾರರಿಗೆ ಧ್ವನಿ ಬಿದ್ದುಹೋಗಿದೆ, ಅಷ್ಟೇ. ಇವತ್ತು ಎಲ್ಲರೂ ಹಾಸಿಗೆ ಸುತ್ತಿಕೊಂಡು ಊರಿಗೆ ಹೊರಟರು. ಲಾಯ ಮತ್ತೆ ಖಾಲಿ. ಮಾವನವರು ಜಗಲಿಯ ತನಕ ನಡೆದುಬಂದು ಅವರನ್ನೆಲ್ಲ ಕಳಿಸಿಕೊಟ್ಟರು.

ಈಗ ನಾನು ಬರೆಯುವುದನ್ನು ನೀನು ಒಬ್ಬಳೇ ಓದು.

ಅಪ್ಪನ ಕಾಗದ ಬಂದಮೇಲೆ ತಾಜುದ್ದೀನ್ ಸಾಬರನ್ನು ಹುಡುಕಿಸಬೇಕೆಂದು ಇವರಿಗೆ ಹೇಳಲು ಹೋದೆ. ಇವರು ಸ್ನಾನಕ್ಕೆ ಹೋಗಿದ್ದರು. ನೋಟ್‌ಬುಕ್ಕು ಮೇಜಿನ ಮೇಲಿತ್ತು. ಈ ಸಲ ತೆರೆದೆ. ಕೊನೆಯ ಪುಟದಲ್ಲಿ ನೀಲಿ ಇಂಕಿನಲ್ಲಿ: 'ತಾಜುದ್ದೀನ್, ಮಗಳ ಮನೆ, ಗಂಗಾನಗರ, ಸೌದೆ ಡಿಪೋ ಹಿಂದೆ.' ಪಕ್ಕದಲ್ಲಿ ತಾರೀಖು, ೧೦ ಡಿಸೆಂಬರ್. ಅಂದರೆ ಗೇಟಿಗೆ ಹೋದ ದಿನವೇ ವಿಳಾಸ ಸಿಕ್ಕಿದೆ! ಕಾಲೇಜಿನಿಂದ ಕೂಗಳತೆ ದೂರ. ಎರಡು ತಿಂಗಳಿಂದ ದಿನಾ ಆ ದಾರಿಯಲ್ಲೇ ಹೋಗಿಬರುತ್ತಾರೆ. ಒಂದು ದಿನವೂ ಹೋಗಿ ಕೇಳಿಲ್ಲ. ಯಾಕೆ?

ನಾನು ಇವರಿಗೆ ಏನೂ ಹೇಳಲಿಲ್ಲ. ಶನಿವಾರ ಬಳೆ ತೊಡಿಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ, ಬಸ್ಸು ಹತ್ತಿ ಹೋದೆ. ಸಾಬರು ಅಂಗಳದಲ್ಲಿ ಮಂಚದ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ನಾನು ಯಾರೆಂದು ಹೇಳುತ್ತಲೇ, 'ಅರೇ, ಬೈರಪ್ಪನ ಚಿಕ್ಕ ಮಗಳಾ! ನಿಮ್ಮಕ್ಕ ಮೂಗು ಸುರಿಸ್ಕೊಂಡು ಓಡಿ ಬಂದಿದ್ಲಲ್ಲ!' ಎಂದರು. ಎಲ್ಲ ನೆನಪಿದೆ ಅವರಿಗೆ. ನನಗಿಂತ ಮೊದಲು ಯಾರೂ ಬಂದು ಕೇಳಿಲ್ಲವಂತೆ. ನಾನು ಎಷ್ಟು ಉತ್ಸಾಹದಿಂದ ಯುದ್ಧದ ಗಂಟೆಯ ಕತೆ ಹೇಳಿದೆ ಗೊತ್ತಾ? 'ನಿಮ್ಮ ವಾಚು ನನ್ನ ಸಂಸಾರ ಉಳಿಸಿತು ಚಾಚಾ' ಎಂದೆ.

ಅವರು ಜೇಬಿನಿಂದ ಸರಪಳಿ ಹಿಡಿದು ವಾಚು ತೆಗೆದರು. ಅದೇ ವಾಚು.

'ಇದು ನಮ್ಮ ಅಬ್ಬಾಂದು ಬೇಟಿ. ಇದರ ಕೀಲಿ ಲೂಸು, ಮುಳ್ಳು ತಿರುಗಿಸಿದ್ರೆ ನಿಂತೇಹೋಗ್ತದೆ. ಊರೆಲ್ಲ ತಿರುಗಿಸ್ತು, ನಾನು ತಿರುಗಿಸ್ಲಿಲ್ಲ. ರೈಲಿಗೆ ಮಾತ್ರ ಮನಸಲ್ಲೇ ಒಂದು ಸೇರಿಸ್ಕೊತಿದ್ದೆ. ಮೂರು ವರ್ಷ ಹಂಗೇ ಗೇಟು ಹಾಕ್ದೆ, ಒಂದ್ ದಿನ ತಪ್ಪಿಲ್ಲ.'

'ನನಗೆ ಬರೆದುಕೊಟ್ಟ ಟೈಮು?' ಎಂದೆ.

'ಮಗು ಹುಟ್ಟಿದ್ದಕ್ಕೆ ಸರ್ಕಾರದ ಟೈಮ್ ಯಾಕಮ್ಮ? ವಾಚು ಏನ್ ಹೇಳ್ತೋ ಅದೇ ಬರ್ಕೊಟ್ಟೆ. ದೇವರ ಟೈಮು.' ಹೇಳಿ ಎಷ್ಟು ಚೆಂದ ನಕ್ಕರು ಅಕ್ಕ. ನನಗೇನೋ ಉಡುಗೊರೆ ಕೊಟ್ಟವರ ಹಾಗೆ. ಚಹಾ ಕುಡಿಯದೆ ಬಿಡಲಿಲ್ಲ.

ಬಸ್ಸಿನಲ್ಲಿ ನಿನ್ನ ಡಿಸೆಂಬರಿನ ಕಾಗದ ನೆನಪಾಯಿತು. ಒಲೆಗೆ ಹಾಕಿದ್ದರೂ ಬಾಯಿಪಾಠವಾಗಿದೆ. ಹನ್ನೊಂದು ಬೆಳ್ಳಕ್ಕಿ ಎಣಿಸಿದೆ ಎಂದಿದ್ದೆ. ಜನವರಿಯ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಿನಗೆ ನಿನ್ನ ಕೈಯೇ ಕಾಣುತ್ತಿರಲಿಲ್ಲ, ಇನ್ನು ಕೆರೆಯ ಬೆಳ್ಳಕ್ಕಿ ಹೇಗೆ ಕಂಡವು? ಬೆಳಕಾಗಿತ್ತು ಅಕ್ಕ. ನಾನು ಮೂಲಾ.

ಗ್ರಹಗಳನ್ನು ನಂಬುವುದಿಲ್ಲ ಎಂದು ನಗುತ್ತಿದ್ದವಳು ಈಗ ಮಾವನವರು ಕೆಮ್ಮಿದರೆ ಎಷ್ಟು ಸಲ ಕೆಮ್ಮಿದರೆಂದು ಎಣಿಸುತ್ತೇನೆ. ನಂಬಿಕೆಯಿಂದಲ್ಲ. ನನಗೇ ಗೊತ್ತಿಲ್ಲ ಯಾಕೆಂದು.

ಆ ಶನಿವಾರ ಸಂಜೆ ಇವರು ಕಾಲು ತೊಳೆದುಕೊಳ್ಳುತ್ತಾ ಕೇಳಿದರು, 'ಗಂಗಾನಗರದ ಕಡೆ ಹೋಗಿದ್ಯಂತೆ?'

'ಬಳೆ ತೊಡಿಸ್ಕೊಳ್ಳೋಕೆ' ಎಂದೆ.

ಇವರು ನನ್ನ ಕೈ ನೋಡಿದರು. ಅದೇ ಹಳೇ ಹಸಿರು ಬಳೆಗಳಿದ್ದವು. ತುಂಬ ಹೊತ್ತು ನೋಡಿದರು. ಆಮೇಲೆ, 'ಚೆನ್ನಾಗಿವೆ' ಎಂದರು. ಮಾರನೆಯ ದಿನ ನೋಟ್‌ಬುಕ್ಕಿನ ಕೊನೆಯ ಪುಟ ಇರಲಿಲ್ಲ.

ಇನ್ನು ಮೇಲೆ ಯಾರೇ ಕೇಳಿದರೂ, ಅಪ್ಪನೇ ಕೇಳಿದರೂ, ಅವತ್ತು ಕತ್ತಲಿತ್ತು ಎನ್ನು. ಬೆಳ್ಳಕ್ಕಿಯ ಸುದ್ದಿ ಎತ್ತಬೇಡ.

ರತ್ನ

*

ಯಲಹಂಕ
೭ ಫೆಬ್ರವರಿ ೧೯೬೨

ನನ್ನ ಮುದ್ದಿನ ಅಪ್ಪ,

ನಿನಗೆ ಓದಲು ಸುಲಭವಾಗಲೆಂದು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಬೇಕಾದರೆ ಇದನ್ನು ಮೇಷ್ಟ್ರ ಕೈಯಲ್ಲಿ ಗಟ್ಟಿಯಾಗಿ ಓದಿಸು, ಬ್ಯಾಟರಾಯಪ್ಪನನ್ನೂ ಕೂರಿಸಿಕೊಂಡು ಕೇಳು. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ!

ತಾಜುದ್ದೀನ್ ಚಾಚಾ ಸಿಕ್ಕರು. ಗಟ್ಟಿಮುಟ್ಟಾಗಿದ್ದಾರೆ, ನಿನ್ನನ್ನು ತುಂಬ ಕೇಳಿದರು. ನಾನೇ ಬಾಯಿಬಿಟ್ಟು ವಿಚಾರಿಸಿದೆ. ಯುದ್ಧದ ಕಾಲದಲ್ಲಿ ಎಲ್ಲರ ಹಾಗೆ ಅವರೂ ವಾಚನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರಂತೆ. ರೈಲ್ವೆಯವರಲ್ಲವೇ, ತಿರುಗಿಸದೆ ಗೇಟು ಹಾಕುವುದು ಹೇಗೆ? ಆದ್ದರಿಂದ ಆರು ಇಪ್ಪತ್ತು ಎಂದರೆ ಐದು ಇಪ್ಪತ್ತೇ. ನೀನು ಕೊಟ್ಟ ಟೈಮು ಸರಿಯಾಗಿತ್ತು. ನೀನು ಹೆದರಿ ಹೇಳಿದೆಯೋ, ಧೈರ್ಯವಾಗಿ ಹೇಳಿದೆಯೋ, ಹೇಳಿದ್ದು ನಿಜವನ್ನೇ.

ಮಾವನವರು ಚೆನ್ನಾಗಿದ್ದಾರೆ. ನಿನ್ನೆ ಮುದ್ದೆ ಬೇಕೆಂದು ಹಟ ಮಾಡಿದರು. ಮೊದಲ ದ್ರಾಕ್ಷಿ ಬಂದಾಗ ಅವರಿಗೊಂದು ಬುಟ್ಟಿ ತೆಗೆದುಕೊಂಡು ನೀನೇ ಬಾ. ತಲೆ ಎತ್ತಿಕೊಂಡು ಬಾ. ಈಗ ನೆಮ್ಮದಿಯಾಗಿ ಊಟ ಮಾಡು.

ಅಕ್ಕನನ್ನೂ ಕೇಳಿ ನೋಡು ಅಪ್ಪ. ಅವತ್ತು ಗೇಟಿಗೆ ಓಡುವಾಗ ಕತ್ತಲಿತ್ತಂತೆ. ಕೆರೆ ಎಲ್ಲಿದೆಯೆಂದು ಕೂಡ ಕಾಣದಷ್ಟು ಕತ್ತಲಿತ್ತಂತೆ.

ನಿನ್ನ ಮಗಳು,
ಮುನಿರತ್ನ